ಮೇಜಿನ ರಣರಂಗದಲ್ಲಿ ಪ್ರತಿಜ್ಞೆಯ ಲೆಕ್ಕ

ಇಂಗ್ಲೆಂಡಿನ ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸನು 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಚಿಕ್ಕ ಪುಸ್ತಕವೊಂದನ್ನು ಪ್ರಕಟಿಸಿ, ಲೋಹದ ಸಿಪಾಯಿಬೊಂಬೆಗಳನ್ನೂ ಸ್ಪ್ರಿಂಗಿನ ಬಲದಿಂದ ಗುಂಡು ಹಾರಿಸುವ ಆಟಿಕೆಯ ಫಿರಂಗಿಗಳನ್ನೂ ನೆಲದ ಮೇಲೆ ಹೂಡಿ ಪ್ರೌಢರೂ ಕಾದಾಡಬಹುದಾದ ಕ್ರೀಡೆಯೊಂದಕ್ಕೆ ಕ್ರಮವಾದ ನಿಯಮಗಳನ್ನು ವಿಧಿಸಿದಾಗ, ಯುದ್ಧದಲ್ಲಿ ಗೆದ್ದವರಾರು ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಲದೆಂಬುದನ್ನು ಆಗಲೇ ಮನಗಂಡಿದ್ದನು. ಶತ್ರುಸೇನೆ ನಿರ್ಮೂಲವಾಗುವ ತನಕ ಹೊಡೆದಾಡುವುದು ಅವನು ಹೇಳಿದ ಒಂದು ಬಗೆ. ತನ್ನ ಕಡೆಯ ಮೂವರು ಸಿಪಾಯಿಗಳನ್ನಾದರೂ ಎದುರಾಳಿಯ ಹಿಂದಣ ಗಡಿರೇಖೆಗೆ ಮುಟ್ಟಿಸಿದವನೇ ವಿಜಯಿ ಎಂಬುದು ಇನ್ನೊಂದು ಬಗೆ. ಈ ಎರಡನೆಯ ಬಗೆಯಲ್ಲಿ ಗೆಲವನ್ನು ನಿರ್ಣಯಿಸುವುದು ಸತ್ತವರ ಸಂಖ್ಯೆಯಲ್ಲ, ಮುಟ್ಟಿದ ಸ್ಥಳ. ಇಂದು ಈ ಜಾತಿಯ ಆಟಗಳಲ್ಲಿ ‘ಸೆಕೆಂಡರಿ’ ಎಂದು ಆಟಗಾರರೆಲ್ಲ ಕರೆಯುವ ಉಪಗುರಿಗಳ ಬೀಜವನ್ನು ಇಲ್ಲಿಯೇ ಕಾಣಬಹುದು.

ಆ ಬೀಜವು ವೃಕ್ಷವಾಗಿ ಬೆಳೆದದ್ದು ‘ವಾರ್‌ಹ್ಯಾಮರ್ 40,000’ ಎಂಬ ಆಟದಲ್ಲಿ. ನಾಟಿಂಗ್‌ಹ್ಯಾಮ್ ನಗರದ ಗೇಮ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆಯು 1987ರಲ್ಲಿ ಹೊರತಂದ ಈ ಆಟವು ಬಹುದೂರದ ಭವಿಷ್ಯಕಾಲದ ಘೋರಯುದ್ಧಗಳನ್ನು ವಸ್ತುವಾಗಿ ಉಳ್ಳದ್ದು. ಹೆಬ್ಬೆರಳುದ್ದದ ಯೋಧಬೊಂಬೆಗಳನ್ನು ಆಟಗಾರನು ತಾನೇ ಜೋಡಿಸಿ, ತಾನೇ ಬಣ್ಣ ಬಳಿದು, ಪ್ರತಿಯೊಂದು ತುಕಡಿಗೂ ನಿಯಮಗಳು ಗೊತ್ತುಮಾಡಿರುವ ಮೌಲ್ಯವನ್ನು ಕೂಡಿಸಿ, ಸಾಮಾನ್ಯವಾಗಿ 2000 ಅಂಕಗಳ ಮಿತಿಯೊಳಗೆ ಒಂದು ಸೇನೆಯನ್ನು ಕಟ್ಟಿಕೊಂಡು ಬರುತ್ತಾನೆ. ಮೇಜಿನ ಅಳತೆ 60 ಅಂಗುಲಕ್ಕೆ 44 ಅಂಗುಲ. ಅದರ ಮೇಲೆ ಪಾಳುಗೋಡೆ, ಕಾಡು, ಕಟ್ಟಡಗಳ ಮಾದರಿಗಳು. ಅಳತೆಯ ಟೇಪು ಹಿಡಿದು ನಡೆಸುವುದು, ದಾಳಗಳನ್ನು ಉರುಳಿಸಿ ಹೊಡೆಯುವುದು. ಹೀಗೆ ಐದು ಸುತ್ತುಗಳು ಮುಗಿದಾಗ ಆಟ ಮುಗಿಯಿತು.

ಹೊಡೆದು ಕೊಲ್ಲುವುದಕ್ಕಷ್ಟೇ ಅಂಕವಿದ್ದಿದ್ದರೆ ಈ ಆಟದ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ದೂರಕ್ಕೆ ಹಾರುವ ತೋಪುಗಳನ್ನು ಹೆಚ್ಚಾಗಿ ತಂದವನು ತನ್ನ ಅಂಚನ್ನು ಬಿಟ್ಟು ಕದಲದೆ ನಿಂತು, ಮೊದಲ ಸರದಿಯೂ ತನ್ನದೇ ಆಯಿತೆಂದರೆ ಎದುರಾಳಿಯ ಅರ್ಧ ಸೇನೆಯನ್ನು ಅದು ಒಂದು ಹೆಜ್ಜೆ ಇಡುವ ಮುನ್ನವೇ ಧ್ವಂಸ ಮಾಡಿ, ಉಳಿದ ಹೊತ್ತನ್ನು ಇಬ್ಬರೂ ಬೇಸರದಲ್ಲಿ ಕಳೆಯಬೇಕಾಗುತ್ತಿತ್ತು. ಆದಕಾರಣ ಮೇಜಿನ ಮೇಲೆ ಅಲ್ಲಲ್ಲಿ ಬಿಲ್ಲೆಗಳನ್ನಿಟ್ಟು, ಅವುಗಳ ಸಮೀಪದಲ್ಲಿ ಬಲ ಮೇಲಾದವನಿಗೆ ಅಂಕ ಕೊಡುವ ಪದ್ಧತಿ ಬಂದಿತು. ಇದು ಪ್ರಧಾನ ಗುರಿ. 2020ರಲ್ಲಿ ಬಂದ ಒಂಬತ್ತನೆಯ ಆವೃತ್ತಿಯಲ್ಲಿ, ಎರಡನೆಯ ಸುತ್ತಿನಿಂದ ಮುಂದಕ್ಕೆ ಆಟಗಾರನು ತನ್ನ ಸರದಿಯ ಮೊದಲಲ್ಲಿ ಒಂದು ಬಿಲ್ಲೆಯನ್ನು ಹಿಡಿದಿದ್ದರೆ ಐದು, ಎರಡನ್ನು ಹಿಡಿದಿದ್ದರೆ ಮತ್ತೈದು, ಶತ್ರುವಿಗಿಂತ ಹೆಚ್ಚನ್ನು ಹಿಡಿದಿದ್ದರೆ ಇನ್ನೈದು ಎಂದು ಕೂಡಿಸುತ್ತ ಹೋಗಿ, ಒಟ್ಟು 45 ಅಂಕಗಳವರೆಗೆ ಪಡೆಯಬಹುದಾಗಿತ್ತು. ಉಪಗುರಿಗಳಿಗೂ ಅಷ್ಟೇ, 45. ಶತಾಂಕ ಪೂರ್ತಿಗೆ ಉಳಿದ ಹತ್ತು ಅಂಕಗಳು ಸೇನೆಗೆ ಬಣ್ಣ ಬಳಿದು ತಂದವನಿಗೆ ಮೀಸಲು! ಯುದ್ಧಕೌಶಲಕ್ಕೂ ಕುಂಚಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ; ಬೂದುಬಣ್ಣದ ಪ್ಲಾಸ್ಟಿಕ್ಕಿನ ಸೇನೆಯೆದುರು ಒಂದು ಮಧ್ಯಾಹ್ನವನ್ನೆಲ್ಲ ಕಳೆದವರು ಹಾಗೆ ಕೇಳಲಾರರು.

ಉಪಗುರಿಗಳು ಒಮ್ಮೆಗೇ ಈ ಘನತೆಗೆ ಏರಿದವಲ್ಲ. 2012ರ ಆವೃತ್ತಿಯಲ್ಲಿ ಅವು ಮೂರೇ ಮೂರು: ಮೊದಲ ಬಲಿ ತೆಗೆದುಕೊಳ್ಳುವುದು, ಶತ್ರುವಿನ ಸೇನಾಪತಿಯನ್ನು ಕೆಡಹುವುದು, ಅವನ ನೆಲೆಯೊಳಕ್ಕೆ ನುಗ್ಗುವುದು, ಒಂದೊಂದಕ್ಕೆ ಒಂದೊಂದೇ ಅಂಕ. 2014ರಲ್ಲಿ 36 ಬಗೆಯ ಗುರಿಗಳ ಕಾರ್ಡುಗಳು ಬಂದವು. ಆದರೆ ಯಾವ ಕಾರ್ಡು ಯಾರ ಪಾಲಿಗೆ ಬರುವುದೆಂಬುದು ದೈವಾಯತ್ತವಾದುದರಿಂದ ಪಂದ್ಯಾವಳಿಗಳ ಗಂಭೀರ ಆಟಗಾರರಿಗೆ ಅದು ಅಷ್ಟಾಗಿ ರುಚಿಸಲಿಲ್ಲ. 2017ರಲ್ಲಿ ಎಂಟನೆಯ ಆವೃತ್ತಿ ಹೊರಟ ಮೇಲೆ ಅಮೆರಿಕದ ಪಂದ್ಯಾವಳಿಗಳ ಸಂಘಟಕರು ತಮ್ಮದೇ ಆದ ನಿಯಮಗಳನ್ನು ರಚಿಸಿ, ಆಟಗಾರನೇ ಪಟ್ಟಿಯಿಂದ ಮೂರು ಉಪಗುರಿಗಳನ್ನು ಆರಿಸಿಕೊಳ್ಳತಕ್ಕದ್ದೆಂದೂ ಪ್ರತಿಯೊಂದರಿಂದ ಹೆಚ್ಚೆಂದರೆ ನಾಲ್ಕು ಅಂಕ ದೊರೆಯತಕ್ಕದ್ದೆಂದೂ ಗೊತ್ತುಮಾಡಿದರು. ಮೂರು ವರ್ಷಗಳಾದ ಮೇಲೆ ಮೂಲಸಂಸ್ಥೆಯೂ ಹೆಚ್ಚುಕಡಮೆ ಇದೇ ಮಾರ್ಗವನ್ನು ಹಿಡಿಯಿತು. ಮೂರು ಆಯ್ಕೆ, ಒಂದೊಂದಕ್ಕೆ 15ರ ಮಿತಿ. ಮತ್ತು ಪಟ್ಟಿಯನ್ನು ಐದು ವರ್ಗಗಳಾಗಿ ವಿಂಗಡಿಸಿ, ಒಂದು ವರ್ಗದಿಂದ ಒಂದನ್ನು ಮಾತ್ರ ತೆಗೆದುಕೊಳ್ಳಬೇಕೆಂಬ ನಿರ್ಬಂಧ. ಈ ನಿರ್ಬಂಧವು ಅತ್ಯಂತ ವಿವೇಕಯುತವಾದುದೆಂದು ನನ್ನ ಅಭಿಪ್ರಾಯ. ಅದಿಲ್ಲದಿದ್ದರೆ ಮೂರನ್ನೂ ಸಂಹಾರದ ಪಟ್ಟಿಯಿಂದಲೇ ಆರಿಸಿ, ಯಾವ ದೋಷವನ್ನು ಕಳೆಯಲು ಇಷ್ಟೆಲ್ಲ ಏರ್ಪಟ್ಟಿತೋ ಆ ದೋಷಕ್ಕೇ ಆಟಗಾರರು ಮರಳುತ್ತಿದ್ದರು.

ಆ ಒಂಬತ್ತನೆಯ ಆವೃತ್ತಿಯಲ್ಲಿ ಆಯ್ಕೆಯನ್ನು ಇಬ್ಬರೂ ಗುಟ್ಟಾಗಿ ಬರೆದುಕೊಂಡು, ಸೈನ್ಯಗಳು ಮೇಜಿಗೆ ಇಳಿಯುವ ಮೊದಲೇ ಬಹಿರಂಗಪಡಿಸಬೇಕಾಗಿತ್ತು. ಇದರಲ್ಲಿ ಒಂದು ಸೂಕ್ಷ್ಮವಿದೆ. ನಾಳಿನ ಸೂರ್ಯಾಸ್ತದೊಳಗೆ ಸೈಂಧವನನ್ನು ಕೊಲ್ಲುವೆನೆಂದು ಅರ್ಜುನನು ಪ್ರತಿಜ್ಞೆ ಮಾಡಿದೊಡನೆ ಆ ಸುದ್ದಿ ಕೌರವರ ಶಿಬಿರಕ್ಕೆ ಮುಟ್ಟಿ, ದ್ರೋಣನು ಸೈಂಧವನೊಬ್ಬನನ್ನು ಬಚ್ಚಿಡುವ ಸಲುವಾಗಿಯೇ ಅಂದಿನ ವ್ಯೂಹವನ್ನು ರಚಿಸಿದನಲ್ಲವೆ? ಉಪಗುರಿಯನ್ನು ಸಾರಿದವನ ಪಾಡೂ ಅದೇ. ‘ಅಸ್ಯಾಸಿನೇಟ್’ ಎಂಬ ನಾಯಕವಧೆಯ ಗುರಿಯನ್ನು ನೀವು ಆರಿಸಿದ್ದೀರೆಂದು ತಿಳಿದ ಕ್ಷಣದಿಂದ ಎದುರಾಳಿಯ ನಾಯಕರೆಲ್ಲ ಗೋಡೆಗಳ ಮರೆಗೆ ಸರಿಯುತ್ತಾರೆ. ಹೀಗೆ ಮರೆಯಾದುದರಿಂದ ನಿಮಗೆ ಅಂಕ ತಪ್ಪಿತು, ನಿಜ. ಆದರೆ ರಣದ ನಡುವೆ ಇರಬೇಕಾದ ನಾಯಕನು ಮೂಲೆಯಲ್ಲಿ ಕುಳಿತನೆಂಬುದೂ ನಿಜ. ಯಾವುದು ಹೆಚ್ಚು ಲಾಭವೆಂಬುದನ್ನು ಅಂಕದ ಹಾಳೆಯು ಹೇಳುವುದಿಲ್ಲ.

ಆಯ್ಕೆಯ ಬಗೆಯನ್ನು ಒಂದು ನಿದರ್ಶನದಿಂದ ನೋಡೋಣ. ನಮ್ಮ ಆಟಗಾರನದು ಸ್ಪೇಸ್ ಮರೀನರ ಸೇನೆ. ಸಂಖ್ಯೆಯಲ್ಲಿ ಅಲ್ಪ, ಆದರೆ ಒಬ್ಬೊಬ್ಬನೂ ಕವಚಧಾರಿಯಾದ ವೀರ. ಎದುರಿಗೆ ಓರ್ಕರೆಂಬ ಹಸಿರು ಮೈಯ ದಾನವರ ಹಿಂಡು: 120 ಬೊಂಬೆಗಳು, ಅವರಲ್ಲಿ ನಾಲ್ವರು ನಾಯಕರು, ಜೊತೆಗೆ ಎರಡು ಯುದ್ಧವಾಹನಗಳು. 2020ರ ನಿಯಮಾವಳಿಯಂತೆ ನಾಯಕನೊಬ್ಬನ ತಲೆಗೆ ಮೂರು ಅಂಕ. ನಾಲ್ವರೂ ಸತ್ತರೆ ಹನ್ನೆರಡು, ಇಬ್ಬರು ಸತ್ತರೆ ಆರು. ವಾಹನಗಳನ್ನು ಒಡೆಯುವ ಗುರಿಯಿಂದ ಇಲ್ಲಿ ಬರುವುದು ಆರನ್ನು ದಾಟದು. ಮೇಲಾಗಿ ಅದು ನಾಯಕವಧೆಯ ವರ್ಗಕ್ಕೇ ಸೇರಿದುದರಿಂದ ಎರಡನ್ನೂ ಒಟ್ಟಿಗೆ ಹಿಡಿಯುವಂತಿಲ್ಲ. ಹತ್ತು ಬೊಂಬೆ ಬಿದ್ದರೆ ಒಂದು ಅಂಕ ಕೊಡುವ ಇನ್ನೊಂದು ಗುರಿಯುಂಟು. ಹಿಂಡನ್ನು ಕಂಡೊಡನೆ ಅನನುಭವಿಯ ಕೈ ಅದಕ್ಕೇ ಹೋಗುತ್ತದೆ. ಆದರೆ ಲೆಕ್ಕ ಹಾಕಿದರೆ ಕೊನೆಯ ಓರ್ಕನವರೆಗೆ ಕೊಂದರೂ ಹನ್ನೆರಡೇ, ಅರ್ಧ ಹಿಂಡನ್ನು ಕೊಂದರೆ ಆರೇ. 120 ಜನರನ್ನು ಸಂಪೂರ್ಣವಾಗಿ ಸಂಹರಿಸಬಲ್ಲವನಿಗೆ ಉಪಗುರಿಯ ಅಂಕಗಳ ಅಗತ್ಯವಾದರೂ ಏನು?

ಅದೇ ನಿಯಮಾವಳಿಯಲ್ಲಿ ಈಗ ಸಂಹಾರವನ್ನು ಬಿಟ್ಟು ಸಂಚಾರದ ಕಡೆಗೆ ತಿರುಗೋಣ. ಮೇಜನ್ನು ನಾಲ್ಕು ಪಾಲು ಮಾಡಿ, ಮೂರು ಪಾಲುಗಳಲ್ಲಿ ತನ್ನ ತುಕಡಿಗಳಿದ್ದರೆ ಸರದಿಗೆ ಎರಡು ಅಂಕ, ನಾಲ್ಕರಲ್ಲೂ ಇದ್ದರೆ ಮೂರು ಎಂಬ ‘ಎಂಗೇಜ್ ಆನ್ ಆಲ್ ಫ್ರಂಟ್ಸ್’ ಎಂಬುದೊಂದಿದೆ. ಕಾಗದದ ಮೇಲೆ ಇದರ ಫಲ ಹದಿನೈದು. ವ್ಯವಹಾರದಲ್ಲಿ ಮೊದಲ ಸರದಿ ಬರಿದಾಗಿ, ಮುಂದೆ ಎರಡು, ಎರಡು, ಮೂರು, ಎರಡು ಎಂದು ಬಂದು ಒಂಬತ್ತಕ್ಕೆ ನಿಲ್ಲುವುದೇ ಹೆಚ್ಚು. ಶತ್ರುವಿನ ನೆಲೆಯೊಳಗೆ ಎರಡು ತುಕಡಿಗಳನ್ನು ಹೊಗಿಸಿದರೆ ಸರದಿಗೆ ನಾಲ್ಕು ಅಂಕ ಕೊಡುವ ‘ಲೈನ್‌ಬ್ರೇಕರ್’ ಇದೇ ವರ್ಗದ್ದು. ಎರಡು ಬಾರಿ ಸಾಧಿಸಿದರೆ ಎಂಟು, ಆದರೆ ಹೋದ ತುಕಡಿಗಳು ಹಿಂದಿರುಗುವ ಭರವಸೆಯಿಲ್ಲ. ಇನ್ನು ಬಿಲ್ಲೆಗಳ ಮೇಲೆ ಧ್ವಜ ನೆಡುವ ‘ರೇಸ್ ದಿ ಬ್ಯಾನರ್ಸ್ ಹೈ’. ಮೊದಲ ಸರದಿಯಲ್ಲಿ ಎರಡು ಧ್ವಜ ನೆಟ್ಟರೆ ಮುಂದಿನ ನಾಲ್ಕು ಸರದಿಗಳ ಆರಂಭದಲ್ಲಿ ಎರಡೆರಡು, ಆಟದ ಕೊನೆಯಲ್ಲಿ ಮತ್ತೆ ಎರಡು, ಒಟ್ಟು ಹತ್ತು. ಎರಡನೆಯ ಸರದಿಯಲ್ಲಿ ಮೂರನೆಯದನ್ನು ನೆಟ್ಟು ಉಳಿಸಿಕೊಂಡರೆ ಇನ್ನೂ ನಾಲ್ಕು, ಅಂದರೆ ಹದಿನಾಲ್ಕು. ಶತ್ರುವು ಬಿಲ್ಲೆಯನ್ನು ವಶಪಡಿಸಿಕೊಂಡರೆ ಧ್ವಜವು ಹೋಯಿತೆಂಬುದನ್ನು ಮಾತ್ರ ಮರೆಯಬಾರದು.

ಇಷ್ಟರಿಂದ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಯಾವ ಗುರಿ ಅತ್ಯಧಿಕವಾಗಿ ಎಷ್ಟು ಕೊಟ್ಟೀತು ಎಂದು ಕೇಳುವುದು ಲೋಭದ ಪ್ರಶ್ನೆ. ಅದನ್ನು ಸಾಧಿಸುವುದಕ್ಕಾಗಿ ನನ್ನ ಸೇನೆಯು ತನ್ನ ಸಹಜವಾದ ದಾರಿಯನ್ನು ಬಿಟ್ಟು ಎಷ್ಟು ದೂರ ಅಲೆಯಬೇಕು ಎಂದು ಕೇಳುವುದೇ ನಿಜವಾದ ಪ್ರಶ್ನೆ. ಧ್ವಜ ನೆಡುವ ತುಕಡಿಯು ಆ ಸರದಿಯಲ್ಲಿ ಬಂದೂಕು ಹಾರಿಸುವಂತಿಲ್ಲ, ಶತ್ರುವಿನ ಮೇಲೆ ಎರಗುವಂತಿಲ್ಲ. ಅಂದಮೇಲೆ ಪ್ರತಿಯೊಂದು ಧ್ವಜಕ್ಕೂ ಅಷ್ಟು ಗುಂಡುಗಳ ಬೆಲೆ ತೆರಬೇಕಾಯಿತು. ಆದರೆ ಹೇಗಿದ್ದರೂ ಪ್ರಧಾನ ಗುರಿಗಾಗಿ ಬಿಲ್ಲೆಯ ಮೇಲೆ ನಿಲ್ಲಲೇಬೇಕಾದ, ಗುಂಡಿನಿಂದ ಹೇಳಿಕೊಳ್ಳುವಂಥ ಹಾನಿ ಮಾಡಲಾರದ ಸಾಮಾನ್ಯ ತುಕಡಿಗೆ ಈ ಕೆಲಸ ವಹಿಸಿದರೆ ಬೆಲೆ ಏನೂ ಇಲ್ಲವೆನ್ನುವಷ್ಟು ಅಲ್ಪ. ಓರ್ಕರ ಸೇನೆಯಲ್ಲಿ ಗ್ರೆಚಿನ್ ಎಂಬ ಕುಳ್ಳ ಸೇವಕರಿದ್ದಾರೆ. ಹೊಡೆದಾಟದಲ್ಲಿ ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದಿನ ಬಿಲ್ಲೆಯನ್ನು ಕಾಯುತ್ತ ನಿಂತ ಆ ಬಡಪಾಯಿಗಳು ಆಟ ಮುಗಿಯುವ ಹೊತ್ತಿಗೆ ತಂದುಕೊಟ್ಟ ಅಂಕಗಳು ಎಷ್ಟೋ ಸಲ ಮಹಾವೀರರು ತಂದುದನ್ನು ಮೀರಿಸುತ್ತವೆ. ತನ್ನ ಅತಿ ಬೆಲೆಯ ಮೂರು ಬೊಂಬೆಗಳು ಬದುಕುಳಿದರೆ ತಲೆಗೆ ಐದರಂತೆ ಅಂಕ ಕೊಡುವ ‘ವೈಲ್ ವಿ ಸ್ಟ್ಯಾಂಡ್, ವಿ ಫೈಟ್’ ಎಂಬ ಗುರಿಯು ಇದಕ್ಕೆ ತದ್ವಿರುದ್ಧವಾದ ಪಾಠವನ್ನು ಕಲಿಸುತ್ತದೆ. ಅದನ್ನು ಆರಿಸಿದವನು ತನ್ನ ಶ್ರೇಷ್ಠ ಯೋಧರನ್ನೇ ಯುದ್ಧದಿಂದ ದೂರವಿಡುವ ಪ್ರಲೋಭನಕ್ಕೆ ಸಿಕ್ಕಿ, ಹದಿನೈದು ಅಂಕ ಗೆದ್ದು ಆಟವನ್ನು ಸೋತದ್ದುಂಟು.

ಈ ಲೆಕ್ಕಾಚಾರವು ಮೇಜಿನ ಬಳಿಗೆ ಬಂದಮೇಲೆ ಆರಂಭವಾಗುವುದೂ ಅಲ್ಲ. ಮನೆಯಲ್ಲಿ ಕುಳಿತು ಸೇನಾಪಟ್ಟಿಯನ್ನು ಬರೆಯುವಾಗಲೇ ಅನುಭವಿಯು ತಾನು ಪರರಿಗೆ ಏನನ್ನು ದಾನ ಮಾಡುತ್ತಿರುವೆನೆಂದು ನೋಡಿಕೊಳ್ಳುತ್ತಾನೆ. ಅದೇ 2020ರ ನಿಯಮದಂತೆ ಐವರು ನಾಯಕರಿದ್ದರೆ ಮೂರೈದು ಹದಿನೈದು, ಶತ್ರುವಿಗೆ ಪೂರ್ಣಾಂಕದ ಅವಕಾಶ; ಮೂವರೇ ಇದ್ದರೆ ಒಂಬತ್ತಕ್ಕೆ ಅವನ ಬಾಗಿಲು ಮುಚ್ಚಿತು. ಒಬ್ಬ ನಾಯಕನನ್ನು ಕೈಬಿಟ್ಟುದರಿಂದ ಸೇನೆಗಾದ ನಷ್ಟವನ್ನೂ ಶತ್ರುವಿಗೆ ತಪ್ಪಿದ ಮೂರು ಅಂಕಗಳನ್ನೂ ತೂಗಿ ನೋಡುವ ಈ ಜಿಪುಣತನದಲ್ಲಿ ಒಂದು ವಿಚಿತ್ರವಾದ ಸುಖವಿದೆಯೆಂದು ಆಟಗಾರರು ಬಲ್ಲರು.

ದೋಷಗಳೂ ಬಂದವು. ಒಂಬತ್ತನೆಯ ಆವೃತ್ತಿಯ ಕಾಲದಲ್ಲಿ ಪ್ರತಿಯೊಂದು ಸೇನೆಯ ಗ್ರಂಥವೂ ಆ ಸೇನೆಗೆ ಮಾತ್ರ ಸಲ್ಲುವ ಉಪಗುರಿಗಳನ್ನು ಸೇರಿಸುತ್ತ ಹೋದುದರಿಂದ, ಕೆಲವರಿಗೆ ಅಂಕಗಳು ಅನಾಯಾಸವಾಗಿ ಒದಗಿ, ಕೆಲವರು ಬೆವರು ಸುರಿಸಿದರೂ ದೊರೆಯದಂತಾಯಿತು. 2023ರ ಹತ್ತನೆಯ ಆವೃತ್ತಿಯು ಇವೆಲ್ಲವನ್ನೂ ಗುಡಿಸಿಹಾಕಿ, ಪ್ರಧಾನ ಗುರಿಗೆ 50, ಉಪಗುರಿಗಳಿಗೆ 40 ಎಂದು ಹಂಚಿ, ಆಟಗಾರನ ಮುಂದೆ ಎರಡು ದಾರಿಗಳನ್ನಿಟ್ಟಿತು. ಎರಡು ಸ್ಥಿರ ಗುರಿಗಳನ್ನು ಹಿಡಿದು ಒಂದೊಂದರಿಂದ 20ರವರೆಗೆ ಗಳಿಸುವುದು ಒಂದು ದಾರಿ. ಪ್ರತಿ ಸರದಿಯಲ್ಲೂ ಕಾರ್ಡುಗಳನ್ನು ಎಳೆದು ಕೈಯಲ್ಲಿ ಎರಡಿರುವಂತೆ ನೋಡಿಕೊಂಡು, ಸಾಧಿಸಿದುದನ್ನು ಕೆಳಗಿಟ್ಟು ಹೊಸದನ್ನು ಎತ್ತಿಕೊಳ್ಳುವುದು ಇನ್ನೊಂದು. ಒಲ್ಲದ ಕಾರ್ಡನ್ನು ಸರದಿಯ ಕೊನೆಯಲ್ಲಿ ತ್ಯಜಿಸಿದವನಿಗೆ ವಿಶೇಷ ತಂತ್ರಗಳಿಗೆ ವ್ಯಯಿಸಬಹುದಾದ ಒಂದು ‘ಕಮಾಂಡ್ ಪಾಯಿಂಟ್’ ಪರಿಹಾರವಾಗಿ ದೊರೆಯುತ್ತದೆ.

ಯಾವ ದಾರಿ ಲೇಸು? ಸ್ಥಿರ ಗುರಿಗಳಿಂದ ಪೂರ್ಣಾಂಕ ಬೇಕಾದರೆ ಐದು ಸರದಿಗಳಲ್ಲಿಯೂ ಒಂದೊಂದರಿಂದ ನಾಲ್ಕರ ಸರಾಸರಿ ತಪ್ಪಬಾರದು. ಎದುರಾಳಿಯ ಸೇನೆಯು ವಾಹನಗಳಿಂದಲೋ ನಾಯಕರಿಂದಲೋ ತುಂಬಿ ತುಳುಕುತ್ತಿದ್ದರೆ ಮಾತ್ರ ಅದು ಸಾಧ್ಯ. ಮಿಕ್ಕ ಸಂದರ್ಭಗಳಲ್ಲಿ ಕಾರ್ಡುಗಳೇ ಮೇಲು. ಆದರೆ ಅವನ್ನು ನಂಬಿದವನ ಸೇನೆಯಲ್ಲಿ ಇಂದು ಈ ಮೂಲೆಗೆ, ನಾಳೆ ಆ ಮೂಲೆಗೆ ಓಡಬಲ್ಲ, ಸತ್ತರೂ ದುಃಖವಾಗದಂಥ ಅಗ್ಗದ, ಚುರುಕಾದ ಎರಡು ಮೂರು ತುಕಡಿಗಳು ಇರಲೇಬೇಕು. ಮುಂಚಿತವಾಗಿ ಪ್ರತಿಜ್ಞೆ ಮಾಡಿ ಅದಕ್ಕೆ ಬದ್ಧನಾಗುವ ಹಳೆಯ ಪದ್ಧತಿಯ ಗಾಂಭೀರ್ಯವು ಇದರಲ್ಲಿ ಇಲ್ಲವೆಂದು ನನಗೆ ತೋರುತ್ತದೆ. ಆದರೂ ಮುಂದಿನ ಕಾರ್ಡನ್ನು ಅರಿಯದ ಎದುರಾಳಿಯು ತನ್ನ ಮೂಲೆಮೂಲೆಗಳನ್ನೂ ಕಾಯಬೇಕಾಗಿ ಬರುವುದರಿಂದ ಆಟವು ಮೇಜಿನ ತುಂಬ ಹರಡುತ್ತದೆಂಬುದನ್ನು ಒಪ್ಪಲೇಬೇಕು.

ಸೋಲು ನಿಶ್ಚಿತವಾದವನಿಗೂ ಉಪಗುರಿಗಳು ಕೆಲಸ ಉಳಿಸುತ್ತವೆ. ದೇಶದೇಶಗಳ ತಂಡಗಳು ಕಾದಾಡುವ ವರ್ಲ್ಡ್ ಟೀಮ್ ಚಾಂಪಿಯನ್‌ಷಿಪ್ಪಿನಲ್ಲಿ ಪ್ರತಿ ಆಟದ 20 ಅಂಕಗಳನ್ನು ಗೆಲವಿನ ಅಂತರಕ್ಕೆ ಅನುಸಾರವಾಗಿ ಇಬ್ಬರಿಗೂ ಹಂಚುತ್ತಾರೆ: ಅಂತರವು ಐದರೊಳಗಿದ್ದರೆ ಹತ್ತು–ಹತ್ತು, ಅಲ್ಲಿಂದ ಮುಂದೆ ಐದೈದಕ್ಕೆ ಒಂದೊಂದು ಅಂಕ ಗೆದ್ದವನತ್ತ ಸರಿಯುತ್ತದೆ. ಆದುದರಿಂದ 21ರ ಅಂತರದಲ್ಲಿ ಸೋಲುತ್ತಿರುವವನು, ಸೇನೆಯೆಲ್ಲ ನಾಶವಾಗಿ ಒಂದೇ ತುಕಡಿ ಉಳಿದಿರುವಾಗ, ಕಡೆಯ ಸರದಿಯಲ್ಲಿ ಅದನ್ನು ಯಾವುದೋ ಗೋಡೆಯ ಹಿಂದಿನಿಂದ ಹೊರಡಿಸಿ ಶತ್ರುವಿನ ನೆಲೆಯೊಳಕ್ಕೆ ನುಗ್ಗಿಸಿ ಮೂರು ಅಂಕ ಕಿತ್ತುಕೊಂಡರೆ, ಅಂತರವು 18ಕ್ಕೆ ಇಳಿದು, ಅವನ ತಂಡದ ಖಾತೆಗೆ ಆರರ ಬದಲು ಏಳು ಜಮೆಯಾಗುತ್ತದೆ. ಪಕ್ಕದ ಮೇಜಿನಲ್ಲಿ ಆಡುತ್ತಿರುವ ಜೊತೆಗಾರನು ಅಷ್ಟರಮಟ್ಟಿಗೆ ನಿಶ್ಚಿಂತನಾಗಿ ದಾಳ ಉರುಳಿಸಬಹುದು.