ಇಂಗಿನಲ್ಲಿರುವ ಗೋಧಿ ನಿಮ್ಮ ಲೇಬಲ್ಲಿನಲ್ಲಿದೆಯೇ?

ಹೋಟೆಲಿನ ಕೌಂಟರಿನಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಚಕ್ಕುಲಿ ಪ್ಯಾಕೆಟ್ ಇಟ್ಟು ಮಾರುವುದು ನಮ್ಮವರಿಗೆ ಹೊಸದಲ್ಲ. 1924ರಲ್ಲಿ ಸಣ್ಣ ಹೋಟೆಲಾಗಿ ಶುರುವಾದ ಬೆಂಗಳೂರಿನ ಎಂ.ಟಿ.ಆರ್., ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಗೆ ಕಡಿವಾಣ ಬಿದ್ದಾಗ ಪ್ಯಾಕೆಟ್ ವ್ಯಾಪಾರಕ್ಕೆ ಇಳಿದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮ ಎಣ್ಣೂರಿನಲ್ಲೂ ಬಂದರು, ಕಾರ್ಖಾನೆಗಳ ಕೆಲಸದವರು ಊರಿಗೆ ಹೊರಡುವಾಗ ಎರಡು ಪ್ಯಾಕೆಟ್ ಕಟ್ಟಿಸಿಕೊಂಡು ಹೋಗುತ್ತಾರೆ.

ಆದರೆ ಬಂಧುಗಳೇ, ಒಂದು ವ್ಯತ್ಯಾಸ ನೆನಪಿರಲಿ. ಗಿರಾಕಿ ಕೇಳಿದ ಮೇಲೆ ಇಡ್ಲಿ ವಡೆ ಪಾರ್ಸೆಲ್ ಕಟ್ಟಿಕೊಟ್ಟರೆ ಅದಕ್ಕೆ ಲೇಬಲ್ ಬೇಕಿಲ್ಲ. ಮೊದಲೇ ತೂಕ ಮಾಡಿ, ಸೀಲ್ ಹಾಕಿ ಇಟ್ಟರೆ ಅದು ಪ್ಯಾಕೆಟ್ ಆಹಾರ. ಅದಕ್ಕೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮವೂ, ತೂಕ ಮತ್ತು ಅಳತೆ ಇಲಾಖೆಯ 2011ರ ಪ್ಯಾಕೆಟ್ ನಿಯಮವೂ ಅನ್ವಯಿಸುತ್ತವೆ.

ಪದಾರ್ಥದ ಹೆಸರು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಬೆಲೆ, ಬ್ಯಾಚ್ ನಂಬರು, ತಯಾರಿಸಿದವರ ಪೂರ್ತಿ ವಿಳಾಸ, 14 ಅಂಕಿಯ ಲೈಸೆನ್ಸ್ ನಂಬರು, ಹಸಿರು ಚೌಕದೊಳಗೆ ಹಸಿರು ಚುಕ್ಕಿ, ಪೋಷಕಾಂಶದ ಪಟ್ಟಿ, ದೂರು ಹೇಳಲು ಫೋನ್ ನಂಬರು. ಇಷ್ಟನ್ನು ಪ್ರಿಂಟಿಂಗ್ ಪ್ರೆಸ್ಸಿನವರೇ ನೆನಪಿಸುತ್ತಾರೆ. ಅವರು ಹೇಳಲಾಗದ್ದು ನಮ್ಮ ಅಡುಗೆಮನೆಯ ಒಳಗಿನ ಸಂಗತಿ. ಅನೇಕರು ಎಡವುವುದು ಅಲ್ಲೇ.

ಇಂಗನ್ನೇ ತೆಗೆದುಕೊಳ್ಳಿ. ನಾವು ಕೊಳ್ಳುವ ಇಂಗು ಶುದ್ಧ ಇಂಗಲ್ಲ. ಅದು ಬಹಳ ಖಾರವಾದ ಅಂಟು. ಹಾಗಾಗಿ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಎಷ್ಟೋ ಡಬ್ಬಿಗಳಲ್ಲಿ ಗೋಧಿ ಅಥವಾ ಮೈದಾ, ಕೆಲವದರಲ್ಲಿ ಅಕ್ಕಿ. ಹಲವು ವಸ್ತು ಬೆರೆತ ಪದಾರ್ಥ ನಮ್ಮ ತಯಾರಿಕೆಯಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ ಅದರ ಒಳಗಿನದ್ದನ್ನೆಲ್ಲ ಬಿಡಿಸಿ ಬರೆಯಬೇಕಿಲ್ಲ ಎಂದು ನಿಯಮವಿದೆ. ಇದನ್ನು ಓದಿ 'ಇಂಗು' ಎಂದಷ್ಟೇ ಬರೆದು ಸುಮ್ಮನಾಗುತ್ತಾರೆ. ಆದರೆ ಅಲರ್ಜಿಗೆ ಈ ರಿಯಾಯಿತಿ ಇಲ್ಲ. ಗೋಧಿಯಂಥ ಗ್ಲುಟೆನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿ ಏಡಿ, ಕಡಲೆಕಾಯಿ ಮತ್ತು ಗೋಡಂಬಿ ಬಾದಾಮಿಯಂಥವು, ಸೋಯಾ ಇದ್ದರೆ ಬೇರೆಯಾಗಿ ನಮೂದಿಸಲೇಬೇಕು.

ಗೋಧಿ ತಿಂದರೆ ಕರುಳು ಕೆಡುವ ಕಾಯಿಲೆಯ ಮಕ್ಕಳಿದ್ದಾರೆ. ಅಂಥ ಮಗುವಿನ ತಾಯಿಯೊಬ್ಬರು ನಮ್ಮ ಕೌಂಟರಿನಲ್ಲಿ ಸಾರಿನ ಪುಡಿ ಪ್ಯಾಕೆಟ್ ತಿರುಗಿಸಿ ಓದಿ, "ಅಣ್ಣಾ, ಸಾರಿನ ಪುಡಿಗೂ ಗೋಧಿ ಹಾಕ್ತೀರಾ?" ಎಂದು ಕೇಳಿದರು. ಇಂಗಿನ ಡಬ್ಬಿ ತರಿಸಿ ತೋರಿಸಿದೆ. ಪ್ಯಾಕೆಟ್ ವಾಪಸ್ ಇಟ್ಟು, "ಬರೆದದ್ದು ಒಳ್ಳೆಯದಾಯಿತು" ಎಂದರು. ಆಮೇಲೆ ಅಕ್ಕಿ ಹಿಟ್ಟಿನ ಇಂಗು ಹುಡುಕಿ ತಂದೆವು. ಆದರೂ ಅದೇ ಗಿರಣಿಯಲ್ಲಿ ಗೋಧಿ ಬೀಸುತ್ತಿದ್ದರೆ 'ಗೋಧಿಯ ಅಂಶ ಇರಬಹುದು' ಎಂದು ಹಾಕುವುದೇ ಸರಿ.

ಇನ್ನು ದಿನಾಂಕ. ತಯಾರಿಸಿದ ದಿನದ ಜೊತೆ 'ಯೂಸ್ ಬೈ' ದಿನಾಂಕ ಕಡ್ಡಾಯ. 'ಬೆಸ್ಟ್ ಬಿಫೋರ್' ಮಾತ್ರ ಹಾಕಿದರೆ ಸಾಲದು. ಬೇರೆ ಕಂಪನಿಯ ಪ್ಯಾಕೆಟ್ ನೋಡಿ ಆರು ತಿಂಗಳು ಎಂದು ಬರೆಯಬೇಡಿ. ಸಮುದ್ರದ ಗಾಳಿಗೆ ಇಲ್ಲಿ ಚಕ್ಕುಲಿ ಬೇಗ ಮೆತ್ತಗಾಗುತ್ತದೆ. ಒಂದೇ ಬ್ಯಾಚಿನ ಹತ್ತು ಪ್ಯಾಕೆಟ್ ತೆಗೆದಿಟ್ಟು ವಾರಕ್ಕೊಂದು ಒಡೆದು ನೋಡಿ, ಲ್ಯಾಬಿಗೂ ಕೊಟ್ಟು, ಆಮೇಲೆ ಅವಧಿ ಗೊತ್ತುಮಾಡಿ.

ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ಜೊತೆಗೆ ತಮಿಳು, ಕನ್ನಡವನ್ನೂ ಹಾಕಬಹುದು, ಒಂದಕ್ಕೊಂದು ವಿರುದ್ಧವಾಗಿರಬಾರದು.

ತಪ್ಪು ಲೇಬಲ್ಲಿಗೆ 2006ರ ಕಾಯ್ದೆಯ 52ನೇ ಕಲಮಿನಲ್ಲಿ 3 ಲಕ್ಷ ರೂಪಾಯಿವರೆಗೆ ದಂಡವಿದೆ. ನಮ್ಮಂಥ ಸಣ್ಣ ಹೋಟೆಲಿಗೆ ಅದು ತಡೆದುಕೊಳ್ಳುವ ಮೊತ್ತವಲ್ಲ. ಆದ್ದರಿಂದ ಮುಂದಿನ ಸಲ ಲೇಬಲ್ ಅಚ್ಚಿಗೆ ಕೊಡುವ ಮೊದಲು ಅಡುಗೆ ಭಟ್ಟರನ್ನು ಕೂರಿಸಿಕೊಂಡು, ಉಗ್ರಾಣದ ಪ್ರತಿಯೊಂದು ಡಬ್ಬಿಯ ಹಿಂಬದಿ ಓದಿ. ಇಂಗಿನ ಕಂಪನಿ ಬದಲಾದರೆ ಮತ್ತೊಮ್ಮೆ ಓದಿ.