ನೀರೆತ್ತುವ ಎಂಜಿನು ನಿಂತಾಗ ನೋಡತಕ್ಕ ಕುರುಹುಗಳು

ಭೀಮಾನದಿಯ ದಂಡೆಯ ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿಯೂ ಅಮರ್ಜಾ ನದಿಯ ಆಳಂದ ತಾಲೂಕಿನಲ್ಲಿಯೂ ಎರೆಭೂಮಿಯೇ ಹೆಚ್ಚು. ತೊಗರಿಯು ಹೂವಾಗಿ ಕಾಯಿ ಕಟ್ಟುವ ಕಾಲಕ್ಕೆ ಮಳೆ ತಪ್ಪಿದರೆ, ಒಂದು ಸಲದ ನೀರಿನಿಂದ ಬೆಳೆಯು ಉಳಿಯುವುದುಂಟು. ಅಂಥ ಸಮಯದಲ್ಲಿ ಡೀಸೆಲ್ ಎಂಜಿನು ನಿಂತರೆ, ಮೇಸ್ತ್ರಿಯು ಬರುವಷ್ಟರಲ್ಲಿ ಹೊಲವು ಬಾಡುವುದು. ಆದುದರಿಂದ ಕಣ್ಣು, ಕಿವಿ, ಕೈಗಳಿಂದಲೇ ದೋಷವನ್ನರಿಯುವ ಹಳೆಯ ಕ್ರಮಗಳನ್ನು ಗ್ರಾಮದ ಹಿರಿಯರು ತಿಳಿದಿರುವುದು ಲೇಸು.

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತನು 1897ರಲ್ಲಿ ಸಾಧಿಸಿ ತೋರಿಸಿದ ಈ ಯಂತ್ರದಲ್ಲಿ ಕಿಡಿಯ ಕೆಲಸವಿಲ್ಲ. ಒತ್ತಿದ ಗಾಳಿಯ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳುವುದು. ಒತ್ತಡ, ಎಣ್ಣೆ, ಗಾಳಿ ಇವುಗಳಲ್ಲಿ ಒಂದು ಕೆಟ್ಟರೂ ಎಂಜಿನು ನಡೆಯದು.

ಮೊದಲು ಒತ್ತಡವನ್ನು ನೋಡತಕ್ಕದ್ದು. ಎಣ್ಣೆಯನ್ನು ನಿಲ್ಲಿಸಿ ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಾಗ ಅದು ತಡೆದು ಹಿಂದಕ್ಕೆ ಪುಟಿದರೆ ಒತ್ತಡವು ಸರಿಯಿರುವುದು. ತಡೆಯಿಲ್ಲದೆ ತಿರುಗಿದರೆ ವಾಲ್ವು ಕೂಡುತ್ತಿಲ್ಲ, ಇಲ್ಲವೆ ರಿಂಗು ಸವೆದಿದೆ ಎಂದರಿಯಬೇಕು.

ಟಾಕಿಯು ಒಮ್ಮೆ ಬರಿದಾಗಿದ್ದರೆ ನಳಿಗೆಯಲ್ಲಿ ಗಾಳಿಯು ಸೇರಿರುವುದು. ಟಾಕಿಯನ್ನು ತುಂಬಿ, ಫಿಲ್ಟರಿನ ಮೇಲಣ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆಯು ಬರುವವರೆಗೆ ಹರಿಯಬಿಟ್ಟು ಮತ್ತೆ ಬಿಗಿಯಬೇಕು. ಬಳಿಕ ಹ್ಯಾಂಡಲು ತಿರುಗಿಸುವಾಗ ನಾಜಲ್‌ನಿಂದ ‘ಕಿರ್’ ಎಂಬ ಸದ್ದು ಕೇಳಿದರೆ ಎಣ್ಣೆಯು ತಲುಪಿತೆಂದು ಅರ್ಥ. ನಾಜಲ್‌ನ ಎದುರು ಕೈಯೊಡ್ಡಲೇಬಾರದು. ಆ ಧಾರೆಯು ಚರ್ಮವನ್ನು ಭೇದಿಸಿ ಒಳಹೊಗುವುದು.

ಹೊಗೆಯೂ ದೋಷವನ್ನು ಹೇಳುವುದು. ಕಪ್ಪು ಹೊಗೆಯಿದ್ದರೆ ಗಾಳಿಯ ಫಿಲ್ಟರು ಧೂಳಿನಿಂದ ಕಟ್ಟಿರಬಹುದು, ಇಲ್ಲವೆ ಹೊರೆ ಮಿತಿಮೀರಿರಬಹುದು. ನೀಲಿಯಾದರೆ ಕೀಲೆಣ್ಣೆಯು ಉರಿಯುತ್ತಿರುವುದು. ಕಾವೇರಿದ ಮೇಲೂ ಬಿಳಿ ಹೊಗೆಯು ನಿಲ್ಲದಿದ್ದರೆ ಎಣ್ಣೆಯು ಪೂರಾ ಉರಿಯುತ್ತಿಲ್ಲ, ಅಥವಾ ಒಳಗೆ ನೀರು ಸೇರಿದೆ. ಕೀಲೆಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿರುವುದು. ಆಗ ಎಂಜಿನನ್ನು ನಡೆಸಲಾಗದು.

ಎಂಜಿನು ನಡೆದರೂ ನೀರು ಬಾರದಿದ್ದಲ್ಲಿ ಪಂಪಿನ ಹೀರುಕೊಳವೆಯನ್ನು ನೀರಿನಿಂದ ತುಂಬಿ ನೋಡಬೇಕು. ನೀರು ಇಳಿದುಹೋದರೆ ಬುಡದ ವಾಲ್ವಿನಲ್ಲಿ ಕಸ ಸಿಕ್ಕಿರುವುದು. ಕೂಡುಗಳಿಗೆ ಹಸಿ ಜೇಡಿಮಣ್ಣು ಮೆತ್ತಿದೊಡನೆ ನೀರು ಬಂದರೆ ಅಲ್ಲಿಯೇ ಗಾಳಿ ನುಗ್ಗುತ್ತಿತ್ತೆಂದು ತಿಳಿಯಬೇಕು. ಬೇಸಿಗೆಯಲ್ಲಿ ನದಿಯು ಇಳಿದಾಗ ಪಂಪು ನೀರಿನಿಂದ ಸುಮಾರು 20 ಅಡಿಗಿಂತ ಮೇಲಿದ್ದರೆ ಹೀರಲು ಕಷ್ಟಪಡುವುದು. ಆಗ ಪಂಪನ್ನೇ ಕೆಳಗಿಳಿಸಬೇಕು.

ನಾಜಲ್, ಎಣ್ಣೆಯ ಪಂಪುಗಳನ್ನು ಹೊಲದ ಧೂಳಿನಲ್ಲಿ ಬಿಚ್ಚದೆ ಮೇಸ್ತ್ರಿಗೆ ಒಪ್ಪಿಸತಕ್ಕದ್ದು. ಮುಚ್ಚಿದ ಕೋಣೆಯಲ್ಲಿ ಎಂಜಿನು ನಡೆಸಿದರೆ ಹೊಗೆಯಿಂದ ಪ್ರಾಣಹಾನಿಯಾಗುವುದು. ಪಾಟೀಲರೂ ಜಮೀನುದಾರರೂ ಊರಿಗೊಬ್ಬ ಚುರುಕಾದ ತರುಣನಿಗೆ ಇಷ್ಟನ್ನು ಕಲಿಸಿದರೆ, ತನ್ನ ಎಂಜಿನಿಲ್ಲದ ಸಣ್ಣ ಒಕ್ಕಲಿಗನ ಹೊಲಕ್ಕೂ ಸಕಾಲದಲ್ಲಿ ನೀರು ಮುಟ್ಟುವುದು.