ಭಂಗಿಯ ಎಲೆಯೂ ಸಸ್ಯಾರೋಗ್ಯವೂ

ಗಿಡಮರಗಳಿಗೂ ರೋಗವುಂಟೆಂಬುದನ್ನೂ, ಆ ರೋಗವು ಎಲೆಯಲ್ಲಿ ಮೊದಲು ಕಾಣಿಸಿಕೊಳ್ಳುವುದೆಂಬುದನ್ನೂ ನಮ್ಮ ಪ್ರಾಚೀನರು ಬಲ್ಲವರಾಗಿದ್ದರು. ಕ್ರಿ. ಶ. ೬ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಚಳಿ, ಗಾಳಿ, ಬಿಸಿಲುಗಳಿಂದ ವೃಕ್ಷಗಳಿಗೆ ರೋಗ ಹುಟ್ಟುವುದೆಂದು ಹೇಳಿ, ಅದರ ಲಕ್ಷಣಗಳನ್ನು ಎಣಿಸುವಲ್ಲಿ ಎಲೆ ಬಿಳಿಚುವುದನ್ನು ಮೊದಲಿಗೆ ಇಟ್ಟಿರುವನು. ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಎಂಬಿವು ಅದರ ಹಿಂದೆ ಬರುತ್ತವೆ. ಮೊದಲನೆಯದಕ್ಕೆ ಆತನು ಕೊಟ್ಟ ಹೆಸರು ‘ಪಾಂಡುಪತ್ರತೆ’. ಸುರಪಾಲನ ವೃಕ್ಷಾಯುರ್ವೇದವು ಮನುಷ್ಯವೈದ್ಯದ ಕ್ರಮವನ್ನೇ ಅನುಸರಿಸಿ ಸಸ್ಯರೋಗಗಳನ್ನು ವಾತ, ಪಿತ್ತ, ಕಫಗಳೆಂದು ವಿಂಗಡಿಸಿ, ಎಲೆ ಹಳದಿಯಾಗುವುದನ್ನು ಪಿತ್ತವಿಕಾರಕ್ಕೆ ಸೇರಿಸುತ್ತದೆ. ಕನ್ನಡದಲ್ಲಿಯೂ ೧೧ನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ.

ಹೀಗಿರಲಾಗಿ, ಎಲೆಯ ಬಣ್ಣದಿಂದ ಗಿಡದ ಸ್ಥಿತಿಯನ್ನು ಊಹಿಸುವ ಈ ಹಳೆಯ ವಿದ್ಯೆಗೆ ಇಂದಿನ ಸಸ್ಯಶಾಸ್ತ್ರವು ಹೊಸದಾಗಿ ಏನನ್ನು ಕೂಡಿಸಿದೆಯೆಂಬ ಪ್ರಶ್ನೆ ಏಳುತ್ತದೆ. ಇದನ್ನು ವಿಚಾರಿಸುವುದಕ್ಕೆ ಭಂಗಿಯ ಗಿಡವು ಒಳ್ಳೆಯ ನಿದರ್ಶನವಾಗಿದೆ. ಅದು ಬೇಗನೆ ಬೆಳೆಯತಕ್ಕ ವಾರ್ಷಿಕ ಸಸ್ಯ. ಅದರ ಎಲೆಗಳು ಅಗಲವಾಗಿದ್ದು, ಹುಟ್ಟುವ ಕ್ರಮದಲ್ಲಿ ಒಂದು ನಿಯಮವನ್ನು ಅನುಸರಿಸುವುವು. ಆದಕಾರಣ ಯಾವುದು ಹಳೆಯ ಎಲೆ, ಯಾವುದು ಹೊಸದು ಎಂಬುದನ್ನು ನಿಶ್ಚಯಿಸುವುದು ಸುಲಭ. ಮುಂದೆ ಕಾಣುವಂತೆ, ಈ ನಿಶ್ಚಯವೇ ರೋಗನಿರ್ಣಯದ ಮೊದಲ ಮೆಟ್ಟಲು.

ಗಿಡದ ಹೆಸರಿನ ವಿಷಯವಾಗಿ ಎರಡು ಮಾತು. ಅಥರ್ವವೇದದ ೧೧ನೆಯ ಕಾಂಡದಲ್ಲಿ ಸೋಮವನ್ನು ಶ್ರೇಷ್ಠವೆಂದಿಟ್ಟು ಹೇಳಿರುವ ಐದು ಸಸ್ಯಗಳಲ್ಲಿ ‘ಭಂಗ’ವೂ ಒಂದು, ಅದು ಈ ಗಿಡವೇ ಅಹುದೋ ಅಲ್ಲವೋ ಎಂಬುದರಲ್ಲಿ ವಿದ್ವಾಂಸರಿಗೆ ಮತಭೇದವುಂಟು. ಪಾಣಿನಿಯು ಬೆಳೆಗಳಿಂದ ಹೊಲಗಳಿಗೆ ಬರುವ ಹೆಸರುಗಳನ್ನು ಸಾಧಿಸುವಾಗ ಎಳ್ಳು, ಉದ್ದು, ಅಗಸೆಗಳೊಡನೆ ಭಂಗೆಯನ್ನೂ ಸೇರಿಸಿ, ಭಂಗೆಯ ಹೊಲಕ್ಕೆ ‘ಭಂಗ್ಯ’, ‘ಭಾಂಗೀನ’ ಎಂಬ ಎರಡು ರೂಪಗಳನ್ನು ಒಪ್ಪಿರುವನು. ಇದರಿಂದ ಭಂಗೆಯು ಆ ಕಾಲಕ್ಕೆ ಹೊಲದಲ್ಲಿ ಬಿತ್ತಿ ಬೆಳೆಯುವ ಪೈರಾಗಿದ್ದಿತೆಂದು ವಿದಿತವಾಗುತ್ತದೆ. ಲಿನ್ನೇಯಸನು ೧೭೫೩ರಲ್ಲಿ ಈ ಗಿಡಕ್ಕೆ ‘ಕನ್ನಾಬಿಸ್ ಸಟೈವಾ’ ಎಂದು ಹೆಸರಿಟ್ಟನು. ಲಮಾರ್ಕನು ೧೭೮೫ರಲ್ಲಿ ಇಂಡಿಯಾದ ಗಿಡವನ್ನು ಬೇರೊಂದು ಜಾತಿಯೆಂದು ವರ್ಣಿಸಿದನು. ವ್ಯವಹಾರದಲ್ಲಿ ಎಲೆಗೆ ಭಂಗಿಯೆಂದೂ, ಹೆಣ್ಣುಗಿಡದ ಹೂತೆನೆಗೆ ಗಾಂಜಾ ಎಂದೂ, ಅಂಟಿಗೆ ಚರಸ್ ಎಂದೂ ಹೆಸರು. ಇಂಡಿಯಾದ ೧೯೮೫ರ ಮಾದಕವಸ್ತು ಕಾನೂನು ಕೂಡ ಗಾಂಜಾವೆಂಬ ಪದವನ್ನು ವಿವರಿಸುವಲ್ಲಿ, ತೆನೆಯೊಡನೆ ಕೂಡಿರದ ಎಲೆಯನ್ನೂ ಬೀಜವನ್ನೂ ಹೊರತುಪಡಿಸಿದೆ. ಆದರೆ ಅಪ್ಪಣೆಯಿಲ್ಲದೆ ಗಿಡವನ್ನು ಬೆಳೆಯುವುದು ಆ ಕಾನೂನಿನಂತೆ ಅಪರಾಧ.

ಇನ್ನು ಎಲೆಯ ರಚನೆ. ಬೀಜದಳಗಳ ತರುವಾಯ ಹುಟ್ಟುವ ಮೊದಲ ಜೋಡಿಯ ಎಲೆಗಳು ಒಂಟಿಯಾಗಿರುವುವು. ಆಮೇಲಿನವು ಅಂಗೈಯಿಂದ ಬೆರಳುಗಳು ಚಾಚಿದಂತೆ ಮೂರು, ಐದು, ಏಳು, ಒಂಬತ್ತು ಎಂಬ ಬೆಸಸಂಖ್ಯೆಯ ಕಿರುಎಲೆಗಳಾಗಿ ಒಡೆಯುವುವು. ಹೂವು ಬಿಡುವ ತುದಿಯ ಕಡೆಗೆ ಈ ಸಂಖ್ಯೆಯು ಮತ್ತೆ ಇಳಿಯುವುದು. ಕಾಂಡದ ಕೆಳಭಾಗದಲ್ಲಿ ಎಲೆಗಳು ಎದುರುಬದುರಾಗಿ ನಿಂತು, ಮೇಲೆ ಹೋದಂತೆ ಒಂದೊಂದಾಗಿ ಪರ್ಯಾಯಕ್ರಮಕ್ಕೆ ತಿರುಗುವುವು. ಕಿರುಎಲೆಗಳ ಅಂಚು ಗರಗಸದ ಹಲ್ಲಿನಂತಿರುವುದು. ಕಿರುಎಲೆಗಳು ಕಡಮೆಯಾಗುವುದನ್ನು ಕಂಡು ರೋಗವೆಂದು ಭ್ರಮಿಸುವವರುಂಟು. ಹೂಬಿಡುವ ಗಿಡದಲ್ಲಿ ಅದು ಸಹಜಧರ್ಮವೇ ಹೊರತು ರೋಗವಲ್ಲ.

ಬಣ್ಣದ ವಿಚಾರಕ್ಕೆ ಬಂದರೆ, ಎಲೆಯ ಹಸುರಿಗೆ ಕಾರಣವಾದದ್ದು ಪತ್ರಹರಿತ್ತು. ಅದರ ಅಣುವಿನ ನಡುವೆ ಮೆಗ್ನೀಸಿಯಂ ಇರುವುದು. ಅದರ ಕಟ್ಟಡಕ್ಕೆ ಸಾರಜನಕವು ಬೇಕು. ಕಬ್ಬಿಣವು ಅದರೊಳಗೆ ಇಲ್ಲದಿದ್ದರೂ ಅದು ಹುಟ್ಟುವುದಕ್ಕೆ ಅವಶ್ಯಕ. ಫ್ರಾನ್ಸಿನ ಗ್ರಿ ಎಂಬಾತನು ೧೮೪೦ರ ದಶಕದಲ್ಲಿ ಬಿಳಿಚಿದ ಎಲೆಗಳಿಗೆ ಕಬ್ಬಿಣದ ಲವಣವನ್ನು ಕೊಟ್ಟು ಅವು ಮರಳಿ ಹಸುರಾಗುವುದನ್ನು ತೋರಿಸಿದನು. ಜರ್ಮನಿಯ ಸಾಕ್ಸನು ೧೮೬೦ರಲ್ಲಿ ಮಣ್ಣಿಲ್ಲದೆ, ಲವಣಗಳನ್ನು ಕರಗಿಸಿದ ನೀರಿನಲ್ಲಿಯೇ ಗಿಡಗಳನ್ನು ಬೆಳೆಸಿದ ಮೇಲೆ, ಒಂದೊಂದೇ ದ್ರವ್ಯವನ್ನು ತಡೆದು ಅದರ ಕೊರತೆಯ ಚಿಹ್ನೆಯನ್ನು ನೋಡುವ ಮಾರ್ಗವು ತೆರೆಯಿತು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಭಂಗಿಯ ಗಿಡಗಳ ಮೇಲೆಯೇ ಈ ವಿಧವಾದ ಪ್ರಯೋಗ ನಡೆದು, ಅದರ ಫಲವು ೧೯೧೯ರಲ್ಲಲ್ಲ, ಬಹು ಈಚೆಗೆ, ೨೦೧೯ರಲ್ಲಿ ಪ್ರಕಟವಾಯಿತು. ಈ ಗಿಡವನ್ನು ಬಹುಕಾಲ ಕಾನೂನು ತಡೆದಿದ್ದುದರಿಂದ ಇತರ ಪೈರುಗಳಿಗೆ ದೊರೆತ ಪರೀಕ್ಷೆ ಇದಕ್ಕೆ ತಡವಾಗಿ ದೊರೆಯಿತು.

ಈ ಪ್ರಯೋಗಗಳಿಂದ ತಿಳಿದುಬಂದ ಮುಖ್ಯ ತತ್ತ್ವವೇನೆಂದರೆ: ಎಲೆ ಯಾವ ಬಣ್ಣಕ್ಕೆ ತಿರುಗಿತು ಎಂಬುದಕ್ಕಿಂತ ಮೊದಲು ಯಾವ ಎಲೆ ತಿರುಗಿತು ಎಂಬುದನ್ನು ಕೇಳಬೇಕು. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಗಿಡದೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಬಲ್ಲವು. ಕೊರತೆ ಬಂದಾಗ ಗಿಡವು ಅವನ್ನು ಹಳೆಯ ಎಲೆಗಳಿಂದ ಹಿಂದೆಗೆದು ಎಳೆಯವಕ್ಕೆ ಕೊಡುವುದು. ಆದುದರಿಂದ ಚಿಹ್ನೆಯು ಕೆಳಗಿನ ಎಲೆಗಳಲ್ಲಿ ಮೊದಲು ತೋರುವುದು. ಕ್ಯಾಲ್ಸಿಯಂ, ಕಬ್ಬಿಣ ಮೊದಲಾದುವು ಒಮ್ಮೆ ನೆಲೆಗೊಂಡಮೇಲೆ ಸುಲಭವಾಗಿ ಕದಲವು. ಅವುಗಳ ಕೊರತೆಯು ಚಿಗುರಿನಲ್ಲಿಯೇ ಕಾಣುವುದು.

ಈ ಭೇದವನ್ನು ಹಿಡಿದರೆ ಉಳಿದ ಲಕ್ಷಣಗಳು ತಮ್ಮತಮ್ಮ ಸ್ಥಾನಕ್ಕೆ ಬರುವುವು. ಕೆಳಗಿನ ಎಲೆ ನರಗಳ ಸಹಿತ ಒಂದೇ ಸಮನಾಗಿ ಹಳದಿಯಾದರೆ ಸಾರಜನಕದ ಕೊರತೆ. ನರಗಳು ಹಸುರಾಗಿಯೇ ಉಳಿದು ನಡುವಣ ಭಾಗ ಮಾತ್ರ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಅಂಚು ಸುಟ್ಟಂತೆ ಕಂದಾದರೆ ಪೊಟ್ಯಾಸಿಯಂ ಕೊರತೆ. ಎಲೆ ಕಡುಹಸುರಾಗಿ ಕೆನ್ನೀಲಿಗೆ ತಿರುಗಿದರೆ ರಂಜಕದ ಕೊರತೆಯೆಂದು ಊಹಿಸಬಹುದು. ನರಗಳ ನಡುವಣ ಹಳದಿಯೇ ಚಿಗುರಿನಲ್ಲಿ ಕಂಡರೆ ಕಬ್ಬಿಣವನ್ನು ಶಂಕಿಸಬೇಕು. ಬಣ್ಣವೂ ಮಾದರಿಯೂ ಒಂದೇ, ಎಡೆ ಮಾತ್ರ ಬೇರೆ; ನಿರ್ಣಯವೂ ಬೇರೆ.

ಆದರೂ ಎಲೆಯ ಸಾಕ್ಷ್ಯವನ್ನು ಅದೊಂದರಿಂದಲೇ ನಂಬತಕ್ಕದ್ದಲ್ಲ. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣವು ಹೇರಳವಾಗಿದ್ದರೂ ಬೇರಿಗೆ ದಕ್ಕದು. ಅಂತಹ ನೆಲಕ್ಕೆ ಇನ್ನಷ್ಟು ಗೊಬ್ಬರ ಸುರಿಯುವುದರಿಂದ ಫಲವಿಲ್ಲ. ನೀರು ನಿಂತು ಬೇರು ಉಸಿರಾಡದೆ ಕೊಳೆತಾಗಲೂ ಎಲೆ ಹಳದಿಯಾಗಿ ಜೋಲುವುದು. ಬಾಯಾರಿತೆಂದು ಮತ್ತೆ ನೀರೆರೆದರೆ ಗಿಡ ಸಾಯುವುದು. ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿಯ ಚುಕ್ಕೆಗಳು ಎದ್ದು, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದು ರಸಹೀರುವ ನುಸಿಯ ಕೆಲಸ. ಬೂದಿ ಚೆಲ್ಲಿದಂತಿದ್ದರೆ ಬೂದಿರೋಗದ ಬೂಷ್ಟು. ಇವೆಲ್ಲಕ್ಕೂ ಆಹಾರದ ಕೊರತೆಗೂ ಸಂಬಂಧವಿಲ್ಲ. ತಪ್ಪಾದ ನಿರ್ಣಯದಿಂದ ರೈತನ ಹಣವೂ ಪೈರೂ ಎರಡೂ ನಷ್ಟವಾಗುವುದರಿಂದ, ಎಲೆಯೊಡನೆ ಬೇರನ್ನೂ ಮಣ್ಣನ್ನೂ ಪರೀಕ್ಷಿಸುವುದು ಅವಶ್ಯಕ.

ಕಡೆಯದಾಗಿ, ಎಲ್ಲ ಹಳದಿಯೂ ರೋಗವಲ್ಲ. ಹೂವು ಬಲಿಯುವ ಕಾಲದಲ್ಲಿ ಭಂಗಿಯ ಕೆಳಗಿನ ಎಲೆಗಳು ತಮ್ಮ ಸಾರಜನಕವನ್ನು ಮೇಲಕ್ಕೆ ಒಪ್ಪಿಸಿ ತಾವಾಗಿ ಹಳದಿಗೊಂಡು ಉದುರುವುವು. ಸಂಸ್ಕೃತದ ‘ಪಾಂಡುಪತ್ರತೆ’ ರೋಗವಾಚಕ. ಕನ್ನಡದ ‘ಹಣ್ಣೆಲೆ’ಯಾದರೋ ಎಲೆಯ ಹಳದಿಯನ್ನು ಕಾಯಿಯ ಮಾಗುವಿಕೆಯೊಡನೆ ಸಮೀಕರಿಸಿ ಹೇಳುವ ಮಾತು. ಬೇನೆಯಿಂದ ಬಿಳಿಚಿದ ಎಲೆಯನ್ನೂ ಕಾಲ ತುಂಬಿ ಹಣ್ಣಾದ ಎಲೆಯನ್ನೂ ಬೇರ್ಪಡಿಸಿ ನೋಡಬೇಕೆಂಬುದೇ ಸಸ್ಯಶಾಸ್ತ್ರದ ಉಪದೇಶವೂ ಆಗಿದೆ. ಹಳಗನ್ನಡ ಕಾವ್ಯಗಳಲ್ಲಿ ತಳಿರು, ಎಲೆ, ಹಣ್ಣೆಲೆ, ತರಗೆಲೆಗಳೆಂಬ ಶಬ್ದಗಳನ್ನು ಪಾಠ ಹೇಳುವವರು ಇವನ್ನು ಬರಿಯ ಪರ್ಯಾಯಪದಗಳೆಂದು ಬಗೆಯದೆ, ಒಂದೇ ಎಲೆಯ ಆಯುಸ್ಸಿನ ಬೇರೆಬೇರೆ ಅವಸ್ಥೆಗಳೆಂದು ವಿವರಿಸಿದರೆ ಅರ್ಥವು ಹೆಚ್ಚು ಸ್ಫುಟವಾಗುವುದು.